ಉಪವಾಸದ ಸಂಚಿಕೆ

ಸಂಚಿಕೆಗೆ ಐದು ಸಾವಿರ ಪ್ರತಿ, ಹತ್ತು ವರ್ಷದವರೆಗೆ, ಖರ್ಚೆಲ್ಲ ನಮ್ಮದು. ಹುಬ್ಬಳ್ಳಿಯ ದತ್ತಿ ಮಂಡಳಿಯೊಂದು ‘ಒರತೆ’ ಪತ್ರಿಕೆಯ ಮುಂದಿಟ್ಟ ಮಾತು ಇದು. ಬದಲಿಗೆ ಅವರು ಕೇಳಿದ್ದು ಒಂದೇ: ಇನ್ನು ಮುಂದಿನ ಎಲ್ಲ ಸಂಚಿಕೆಗಳೂ ಮೂರು ತಿಂಗಳ ಹಿಂದೆ ಬಂದ ಉಪವಾಸದ ಸಂಚಿಕೆಯ ಹಾಗೆಯೇ ಇರಬೇಕು.

ಒಪ್ಪದಿದ್ದರೆ ಪತ್ರಿಕೆಗೆ ಉಳಿದ ಆಯುಷ್ಯ ಇನ್ನೊಂದು ಸಂಚಿಕೆ. ಚಂದಾದಾರರು ಮುನ್ನೂರು ಜನ. ಅವರಲ್ಲಿ ಓದುವವರು ಎಷ್ಟು ಎನ್ನುವುದು ಬೇರೆ ಮಾತು.

ಸಂಪಾದಕ ಅಡಿವೆಪ್ಪ ಇಪ್ಪತ್ತು ವರ್ಷ ಹತ್ತಿ ದಲಾಲಿ ಮಾಡಿ, ಆಮೇಲೆ ಮಲಪ್ರಭೆಯ ದಂಡೆಯ ಆಶ್ರಮ ಸೇರಿದವನು. ಅಲ್ಲಿಯ ಗುರು ಗುರುಪಾದಜ್ಜ. ಜನ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಎಲ್ಲ ಧರ್ಮಗಳ ತಿರುಳು ಒಂದೇ ಎಂದು ತೋರಿಸಲಿಕ್ಕೆ ಅಡಿವೆಪ್ಪ ಈ ಪತ್ರಿಕೆ ತೆಗೆದಿದ್ದ. ಸಂಚಿಕೆಗೊಂದು ವಿಷಯ, ಧರ್ಮಕ್ಕೊಬ್ಬ ಬರಹಗಾರ.

ಮಂಡಳಿಯ ಪತ್ರವನ್ನೂ ಆ ಸಂಚಿಕೆಯನ್ನೂ ಹಿಡಿದು ಅಡಿವೆಪ್ಪ ಹೋದಾಗ ಅಜ್ಜಾರು ಪಡಸಾಲೆಯಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು.

“ರುಜು ಹಾಕಲೇನ್ರಿ ಅಜ್ಜಾರ?”

“ಆ ಸಂಚಿಕೆಯಾಗ ಅವರಿಗೆ ಏನು ಹಿಡಿಸಿತು?”

“ಬರದವರೆಲ್ಲಾ ಒಂದ ಧ್ವನಿಯಾಗ ಮಾತಾಡ್ಯಾರ ಅಂತ. ಇನ್ನೊಂದು ಹೇಳತೇನಿ, ಕೇಳಿದ್ರ ನಗತೀರಿ.”

“ಹೇಳು.”

“ಅಚ್ಚಿನ ಮನ್ಯಾಗ ಮೂರು ಹೆಸರು ಅದಲುಬದಲು ಆಗ್ಯಾವ. ಜೈನರ ಸುಲೋಚನಾಬಾಯಿ ಹೆಸರಿನ ಕೆಳಗ ಕ್ರೈಸ್ತರ ಯೋನಪ್ಪ ಮಾಸ್ತರ ಲೇಖನ. ಮಾಸ್ತರ ಹೆಸರಿನ ಕೆಳಗ ದರ್ಗಾದ ಇಮಾಮಸಾಬರದು. ಅವರ ಹೆಸರಿನ ಕೆಳಗ ಬಾಯಾರದು. ಮೂರು ತಿಂಗಳಾತು, ಒಬ್ಬ ಓದುಗನೂ ಗುರುತು ಹಿಡಿದಿಲ್ಲ. ತಿರುಳು ಒಂದ ಅನ್ನಾಕ ಇದಕ್ಕಿಂತ ಸಾಕ್ಷಿ ಬೇಕೇನ್ರಿ?”

ಅಜ್ಜಾರು ನಗಲಿಲ್ಲ. “ಬರದವರೂ ಹಿಡೀಲಿಲ್ಲೇನು?”

“ಒಂದು ಕಾಗದಾನೂ ಬಂದಿಲ್ರಿ.” ಅಡಿವೆಪ್ಪ ಪತ್ರ ಮುಂದೆ ಚಾಚಿದ. “ಎಲ್ಲಾ ಹೊಳಿನೂ ಕಡೀಕ ಸಮುದ್ರಾನ ಸೇರತಾವಲ್ರಿ.”

“ಸೇರತಾವ. ನೀರಡಿಸಿದವ ಯಾವುದಕ್ಕ ಹೋಗತಾನ?”



ಅಜ್ಜಾರು ಮೊರ ಬದಿಗಿಟ್ಟು ಸಂಚಿಕೆ ಇಸಿದುಕೊಂಡರು. ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಒಂದು ಲೇಖನದ ಕಡೆಯ ಸಾಲು ಓದಿದರು. ಪುಟ ಮಗುಚಿ ಇನ್ನೊಂದರದು. ಮತ್ತೆ ಇನ್ನೊಂದರದು.

“ಇದರಾಗ ಬಾಯಾರದು ಯಾವುದು?”

ಮೂರರ ಕಡೆಯ ಸಾಲಿನಲ್ಲೂ ಹಸಿವು ದೇವರ ಬಾಗಿಲಾಗಿತ್ತು. ಆ ಬಾಗಿಲು ಇಟ್ಟವನು ಅಡಿವೆಪ್ಪನೇ. ದಲಾಲಿ ಮಾಡಿದ ಕೈ ಅದು. ಕಸ ಇದ್ದ ಹತ್ತಿಯ ಅಂಡಿಗೆಯನ್ನು ಗಿರಾಕಿ ಮುಟ್ಟುವುದಿಲ್ಲ ಎಂದು ಬಲ್ಲ ಕೈ. ಬಂದ ಬರಹದಲ್ಲಿ ಕಣ್ಣಿಗೆ ಚುಚ್ಚಿದ್ದನ್ನೆಲ್ಲ ಹೆಕ್ಕಿ ತೆಗೆದು, ಬೆಳ್ಳಗೆ ಹಿಂಜಿ ಅಚ್ಚಿಗೆ ಕಳಿಸಿದ್ದ. ಏನು ತೆಗೆದೆ ಎಂಬುದು ಈಗ ಅವನಿಗೇ ನೆನಪಿಲ್ಲ.

“ಗೊತ್ತಾಗವಲ್ತ್ರಿ,” ಅಂದ.

“ಮೂವರ ಮನೀಗೂ ಹೋಗಿ ಬಾ. ಏನು ಬರದಿದ್ರಿ ಅಂತ ಕೇಳು. ನೀ ಏನೂ ಹೇಳಬ್ಯಾಡ. ಬಂದಮ್ಯಾಲ ರುಜು ಹಾಕೂದು, ಬಿಡೂದು ನಿನಗ ಬಿಟ್ಟದ್ದು.”

ಸುಲೋಚನಾಬಾಯಿ ಚೌಗುಲೆ ನಿವೃತ್ತ ಶಾಲಾ ಶಿಕ್ಷಕಿ. ಬಾಗಿಲು ತೆಗೆದು, ಬಂದವನು ಯಾರೆಂದು ತಿಳಿದ ಮೇಲೂ ಅವರ ಮುಖ ಬದಲಾಗಲಿಲ್ಲ. ಸೋಸಿದ ನೀರು ತಂದಿಟ್ಟರು.

“ನಮ್ಮವ್ವ ಸಲ್ಲೇಖನ ತಗೊಂಡಿದ್ದಳು,” ಅಂದರು. “ಅನ್ನ, ನೀರು ಬಿಟ್ಟು ದೇಹ ಇಳಿಸೋ ವ್ರತ. ಅದನ್ನ ಬರದಿದ್ದೆ. ಒಂಬತ್ತನೇ ದಿನ ಒಂದ ಸಲ ‘ನೀರು’ ಅಂದಳು. ಕೊಡಬ್ಯಾಡ ಅಂತ ಅಕಿನ ಮೊದಲ ಮಾತು ತಗೊಂಡಿದ್ದಳು. ನಾ ಕೊಡಲಿಲ್ಲ. ಅಕಿ ವ್ರತ ಉಳೀತು. ನನ್ನ ಕೈ ಉಳೀಲಿಲ್ಲ.”

ಅಡಿವೆಪ್ಪನಿಗೆ ನೆನಪಾಯಿತು. ಓದುಗರಿಗೆ ಕಹಿಯಾದೀತೆಂದು ಆ ಇಡೀ ಭಾಗವನ್ನೇ ತೆಗೆದಿದ್ದ.

“ನೀವ್ಯಾಕ ಕಾಗದ ಬರೀಲಿಲ್ಲ ಬಾಯಾರ?”

“ಆ ಮಾತು ಬರಿಯಾಕ ನನಗ ಹನ್ನೊಂದು ವರ್ಷ ಹಿಡೀತು. ಎರಡನೇ ಸಲ ಬರಿ ಅಂದ್ರ ಎಲ್ಲಿಂದ ತರಲಿ?”

ದರ್ಗಾ ನೋಡಿಕೊಳ್ಳುವ ಇಮಾಮಸಾಬ ಮುಜಾವರ ಅಂಗಳ ಗುಡಿಸುತ್ತಿದ್ದ. ಕಸಬರಿಗೆ ಕೆಳಗಿಡದೆಯೇ ಮಾತಾಡಿದ.

“ಬರ್ರಿ ಸಂಪಾದಕರ. ನನ್ನ ಹೆಸರಿನಾಗ ಭಾಳ ಛಲೋ ಬರದೀರಿ. ಮಂದಿ ಕೈ ಮುಗೀತಾರ.”

“ಹೆಸರು ತಪ್ಪಿದ್ದು ಗೊತ್ತಾಗಿತ್ತೇನು?”

“ಆಗಿತ್ತು. ನನ್ನ ಲೇಖನಾನ ಮಾಸ್ತರ ಹೆಸರಿನಾಗ ಹುಡುಕಿದೆ. ಅಲ್ಲೂ ನಾ ಇರಲಿಲ್ಲ. ಇನ್ನ ಯಾವ ಬಾಯಿಲೆ ಕೇಳಲಿ?”

“ನೀವು ಬರದದ್ದು ಏನು?”

ಇಮಾಮಸಾಬ ಗೋಡೆಗೆ ಕಸಬರಿಗೆ ಆನಿಸಿದ.

“ರಂಜಾನದಾಗ ರೋಜಾ ಬಿಡೋ ಹೊತ್ತಿಗೆ, ಖಜೂರ ಬಾಯಿಗೆ ಇಡೂಕಿಂತ ಮೊದಲ ಬಾಗಿಲ ಕಡೆ ನೋಡತೇನಿ. ಹಸದವರು ಯಾರರೆ ಬಂದಾರೇನಂತ ನೋಡತಾನ, ದೊಡ್ಡ ಮನಸು ಅಂತ ಮಂದಿ ತಿಳಕೊಂಡಾರ. ನಾ ನೋಡೂದು ಯಾರೂ ಬಾರದಿರಲಿ ಅಂತ. ನಲವತ್ತು ವರ್ಷ ರೋಜಾ ಹಿಡಿದೀನಿ, ಆ ನೋಟ ಬಿಡವಲ್ದು. ಇಷ್ಟ ಬರದಿದ್ದೆ.”

ಅಡಿವೆಪ್ಪ ಅದನ್ನು ‘ಹಸಿದವರ ದಾರಿ ಕಾಯುತ್ತೇನೆ’ ಎಂದು ತಿದ್ದಿದ್ದ.

ಯೋನಪ್ಪ ಮಾಸ್ತರು ಊಟಕ್ಕೆ ಕೂತಿದ್ದರು. ಏಳಲಿಲ್ಲ. ಇನ್ನೊಂದು ತಾಟು ಹಾಕಿಸಿದರು.

“ಕೂಡೋ ಮಾರಾಯ. ನನ್ನ ಎಪ್ಪತ್ತು ವರ್ಷದಾಗ ಮೊದಲನೇ ಸಲ ಉಪವಾಸ ಮಾಡಿಸಿದವ ನೀನ. ಅದೂ ಸುಲೋಚನಾಬಾಯಿ ಹೆಸರಿನಾಗ.”

“ನೀವು ಉಪವಾಸ ಮಾಡೂದಿಲ್ಲೇನ್ರಿ?”

“ನಾ ಬರದದ್ದ ಅದು. ಓದಿದಿಯೋ ಇಲ್ಲೋ?” ಮಾಸ್ತರು ರೊಟ್ಟಿ ಮುರಿದು ಅವನ ತಾಟಿಗಿಟ್ಟರು. “ಬರಗಾಲದ ವರ್ಷ ನಮ್ಮಜ್ಜನ ಮನ್ಯಾಗ ಮೂರು ಕೂಸು ಸತ್ತುವು. ನಾಕನೇದು ನಮ್ಮಪ್ಪ. ಮಿಶನ್ನಿನವರು ಗಂಜಿ ಕೊಟ್ರು, ಕೂಸು ಉಳೀತು, ಅಜ್ಜ ಕ್ರಿಸ್ತನ ಕಡೆ ಬಂದ. ಗಂಜಿಗಿ ಧರ್ಮ ಮಾರಿದ ಅಂತ ಮಂದಿ ಆಡಿಕೊಂಡರು, ಇವತ್ತೂ ಆಡಿಕೋತಾರ. ಹಸಿವು ದೇವರ ಬಾಗಿಲು ಅಂತ ನೀ ಬರದಿ. ನಮ್ಮನ್ಯಾಗ ಆ ಬಾಗಿಲದಿಂದ ಹೊರಬಿದ್ದದ್ದು ಮೂರು ಹೆಣ. ದೇವರು ಬಂದದ್ದು ಗಂಜಿ ಗಡಿಗ್ಯಾಗ.”

ಅಡಿವೆಪ್ಪನ ಕೈ ತಾಟಿನಲ್ಲೇ ನಿಂತಿತು.

“ಉಣ್ಣು,” ಅಂದರು ಮಾಸ್ತರು. “ನಮ್ಮಲ್ಲಿ ಇದ ಪ್ರಾರ್ಥನಾ.”

ಆಶ್ರಮಕ್ಕೆ ಮರಳಿದವನು ಪಡಸಾಲೆಗೆ ಹೋಗಲಿಲ್ಲ. ಪತ್ರಿಕೆಯ ಕೋಣೆಯಲ್ಲಿ ಕೂತು ದತ್ತಿ ಮಂಡಳಿಗೆ ಎರಡು ಸಾಲು ಬರೆದು, ಲಕೋಟೆ ಅಂಟಿಸಿ, ಟಪಾಲಿನವನ ಕೈಗೆ ಕೊಟ್ಟ.  

ಆಮೇಲೆ ಹೋಗಿ ಅಜ್ಜಾರ ಮುಂದೆ ಕೂತ.

“ಮಂಡಳಿಯವರಿಗೆ ಒಲ್ಲೆ ಅಂತ ಬರದೆ ಅಜ್ಜಾರ. ಇನ್ನೊಂದ ಸಂಚಿಕೆ. ಅಲ್ಲಿಗೆ ಮುಗೀತು.”

“ಹೋದದ್ದು ಹೋತು. ಬಂದದ್ದೇನು?”

ಅಡಿವೆಪ್ಪ ಬಾಯಾರ ಮಾತು ಹೇಳಿದ. ಮುಜಾವರನ ಮಾತು ಹೇಳಿದ. ಮಾಸ್ತರದು ಹೇಳುವಾಗ ನಡುವೆ ನಿಂತು, ಮತ್ತೆ ಮೊದಲಿನಿಂದ ಹೇಳಿದ. ಈ ಸಲ ಒಂದು ಶಬ್ದವನ್ನೂ ತಿದ್ದಲಿಲ್ಲ.



“ಮೂರೂ ಒಂದ ಹೇಳತಾವೇನು?” ಅಜ್ಜಾರು ಕೇಳಿದರು.

“ಇಲ್ರಿ. ಒಂದರ ಪಕ್ಕ ಒಂದು ಇಟ್ರ ಜಗಳಾಡತಾವ.” ಅವನ ದನಿ ಕುಗ್ಗಿತು. “ಹಂಗಾದ್ರ ತಿರುಳು ಒಂದ ಅನ್ನೂದು ಸುಳ್ಳೇನ್ರಿ? ಇಷ್ಟು ವರ್ಷ ನಾ ಸುಳ್ಳ ಅಚ್ಚು ಹಾಕಿದೆನ?”

“ಕಡೀ ಸಂಚಿಕೆಗೆ ಎಷ್ಟು ಪುಟ?”

“ನಲವತ್ತೆಂಟು.”

“ಮೂರು ಮಾತು ಗಳಿಸಿಕೊಂಡು ಬಂದಿ. ತಿರುಳಿನ ಮಾತು ಇನ್ನೂ ಗಳಿಸಿಲ್ಲ. ಮೂರು ಪುಟದಾಗ ಮೂರನ್ನ ಹಾಕು. ಉಳಿದ ನಲವತ್ತೈದು ಬಿಳೀವ ಇರಲಿ.”