ಹುಂಜ ಮುಂಜಾನೆ ಕತ್ತು ಚಾಚಿ ಕೂಗುವುದು ಯಾಕೆ

ಲೋಕ ಆಗ ತಾನೇ ಹುಟ್ಟಿತ್ತು. ಬೆಟ್ಟಗಳ ಮಣ್ಣು ಇನ್ನೂ ಸರಿಯಾಗಿ ಒಣಗಿರಲಿಲ್ಲ. ಹೊಳೆಗೆ ಯಾವ ಕಡೆ ಹರಿಯಬೇಕು ಎಂದು ದಿನಾ ಬೆಳಿಗ್ಗೆ ಯಾರಾದರೂ ಹೇಳಬೇಕಿತ್ತು. ಆಮೆಗೆ ತನ್ನ ತಲೆ ಯಾವ ಕಡೆ ಇದೆ ಎಂಬುದೇ ಗೊತ್ತಿರಲಿಲ್ಲ. ನಗಬೇಡ, ಹೊಸದರಲ್ಲಿ ಎಲ್ಲರಿಗೂ ಹಾಗೇ.

ಆ ಕಾಲದಲ್ಲಿ ಕೋಳಿಗಳು ಕಾಡಿನ ಬಿದಿರು ಮೆಳೆಯಲ್ಲಿದ್ದವು. ಅಲ್ಲಿಂದ ಮೊದಲು ಊರಿಗೆ ಬಂದವು ಐದೇ ಕೋಳಿ. ನಾಲ್ಕು ಹೇಂಟೆ, ಒಂದು ಹುಂಜ. ಅವನ್ನು ಸಾಕಿದವಳು ಚಿಕ್ಕೀರವ್ವ. ಅವಳು ನುಚ್ಚು ಹಾಕುವುದು, ಅವು ಮೊಟ್ಟೆ ಕೊಡುವುದು, ಇದು ಅವರವರ ಒಪ್ಪಂದ. ಹೇಂಟೆಗಳಲ್ಲಿ ಒಂದಕ್ಕೆ ಮೈತುಂಬ ಬಿಳಿ ಚುಕ್ಕೆ. ಅದರ ಹೆಸರು ಚುಕ್ಕಿ. ಇನ್ನೊಂದು ಕರಿಕೋಳಿ. ಹುಂಜನ ಹೆಸರು ಕೆಂದ.

ಈ ಕೆಂದನ ಜಂಬ ಕೇಳಬೇಡ. ಹುಳ ಸಿಕ್ಕರೆ ಕೂಗುತ್ತಿದ್ದ, ನೆರಳು ಕಂಡರೆ ಕೂಗುತ್ತಿದ್ದ, ಏನೂ ಇಲ್ಲದಿದ್ದರೆ ಏನೂ ಇಲ್ಲವೆಂದು ಕೂಗುತ್ತಿದ್ದ. ಹೊತ್ತು ಗೊತ್ತು ಒಂದೂ ಇರಲಿಲ್ಲ.

ಹೀಗಿರುವಾಗ ಲೋಕಕ್ಕೆ ಮೊದಲ ಚಳಿಗಾಲ ಬಂತು. ಚಳಿ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕೋಳಿಗಳು ಪುಕ್ಕ ಉಬ್ಬಿಸಿಕೊಂಡು ಒಂದಕ್ಕೊಂದು ಒತ್ತಿಕೊಂಡು ಕೂತವು. ಅವು ನಡುಗುವುದನ್ನು ನೋಡಿ ಚಿಕ್ಕೀರವ್ವನಿಗೆ ಊಟ ಸೇರಲಿಲ್ಲ.

ಅವಳು ರಾಗಿ ತುಂಬುವ ಬಿದಿರಿನ ಮಂಕರಿ ಬುಟ್ಟಿಗೆ ಸಗಣಿ ಬಳಿದು ಒಣಗಿಸುತ್ತಿದ್ದಳು. ಹಾಗೆ ಬಳಿದರೆ ಬಿದಿರಿನ ಸಂದಿಯಿಂದ ಒಂದು ಕಾಳೂ ಸೋರುವುದಿಲ್ಲ. ರಾಗಿಯೇ ಆಚೆ ಬರದಿದ್ದರೆ ಚಳಿ ಒಳಗೆ ಹೇಗೆ ಹೋದೀತು ಎಂದು ಯೋಚಿಸಿದಳು. ಕೋಳಿ ಕವುಚುವ ದೊಡ್ಡ ಮಂಕರಿಗೂ ದಪ್ಪಗೆ ಸಗಣಿ ಬಳಿದಳು. ಬಿಸಿಲಿಗಿಟ್ಟು ಒಣಗಿಸಿದಳು. ಸಂಜೆ ಐದೂ ಕೋಳಿಗಳನ್ನು ಅದರಡಿ ಕವುಚಿ ಮೇಲೊಂದು ಕಲ್ಲು ಹೇರಿದಳು.

ಮೂಡಗಾಳಿ ಬಂತು. ಮಂಕರಿಯ ಸುತ್ತ ಒಂದು ಸುತ್ತು ಹಾಕಿತು. ಎಲ್ಲೂ ಸಂದಿಯಿಲ್ಲ.

"ಅವ್ವ, ನಂಗೂ ಒಂದು ಕಿಂಡಿ ಬುಡವ್ವ" ಎಂದಿತು.

"ಹೋಗೋ, ಕಂಡಿದೀನಿ ನಿನ್ನ. ನನ್ ಕೋಳಿ ನಡುಗಿಸ್ತಿರೋನು ನೀನೇಯ."

"ನಡುಗಿಸೋನೂ ನಾನೇ, ಉಸ್ರು ಕೊಡೋನೂ ನಾನೇ ಕಣವ್ವ."

"ಉಸ್ರು ಅವ್ಕೇ ಐತೆ. ನಿನ್ ಕೆಲ್ಸ ನೋಡ್ಕೋ ಹೋಗು" ಎಂದು ಚಿಕ್ಕೀರವ್ವ ಗಾಳಿಯನ್ನು ಪೊರಕೆ ಹಿಡಿದು ಓಡಿಸಿದಳು. ಗಾಳಿ ಬೇಲಿಯ ಮೇಲೆ ಹೋಗಿ ಕೂತಿತು. ಅದಕ್ಕೇನು, ಇಡೀ ಲೋಕ ಖಾಲಿ ಬಿದ್ದಿತ್ತು.

ಮಂಕರಿಯೊಳಗೆ ಬೆಚ್ಚಗಿತ್ತು, ನಿಜ. ಆದರೆ ಐದು ಕೋಳಿಗಳ ಉಸಿರು ಅಲ್ಲೇ ಉಳಿಯಿತು. ಐದು ಕೋಳಿಗಳ ಹಿಕ್ಕೆ ಅಲ್ಲೇ ಹಸಿಯಾಗಿ ಬಿದ್ದಿತ್ತು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಚುಕ್ಕಿ ಮೊದಲು ಸೀನಿದಳು. ಆಮೇಲೆ ಅವಳ ಕಣ್ಣಿನ ಮೂಲೆಯಲ್ಲಿ ನೊರೆ ಬಂತು. ಉಸಿರೆಳೆದರೆ ಎದೆಯೊಳಗೆ ಗೊರ್ ಗೊರ್. ಕರಿಕೋಳಿಗೂ ಸೀನು ಹತ್ತಿತು. ಕೆಂದನ ಗಂಟಲು ಕಟ್ಟಿತು.

ಹಾಗಾದರೆ ಅವು ಚಿಕ್ಕೀರವ್ವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಅದನ್ನೇ ಹೇಳಲು ಹೊರಟಿದ್ದೇನೆ, ಇರು.

ಕಾಡಿನಲ್ಲಿ ಕೋಳಿಗಳಿಗೆ ಒಂದು ಕಟ್ಟುಪಾಡಿತ್ತು. ಕಾಯಿಲೆ ಬಂದರೆ ತೋರಿಸಿಕೊಳ್ಳಬಾರದು. ಯಾವ ಕೋಳಿ ಜೋಲು ಮುಖ ಹಾಕುತ್ತದೋ ಅದನ್ನೇ ಕಾಡುಬೆಕ್ಕು ಮೊದಲು ಹಿಡಿಯುತ್ತದೆ. ಕೆಂದ ಊರಿಗೆ ಬಂದಿದ್ದ, ಆದರೆ ಕಾಡಿನ ಬುದ್ಧಿ ಬಿಟ್ಟಿರಲಿಲ್ಲ.

"ಯಾರೂ ಬಾಯಿ ಬಿಡ್ಬೇಡಿ" ಎಂದು ಅವನು ಹೇಂಟೆಗಳಿಗೆ ಹೇಳಿದ. "ಅವ್ವ ಬಂದಾಗ ನೆಟ್ಟಗೆ ನಿಂತ್ಕಳಿ. ನುಚ್ಚು ಕುಕ್ಕಿ. ನುಂಗಕ್ಕಾಗ್ದಿದ್ರೂ ಕುಕ್ಕಿ."

ಬೆಳಿಗ್ಗೆ ಚಿಕ್ಕೀರವ್ವ ಮಂಕರಿ ಎತ್ತಿದಳು. ಐದೂ ಕೋಳಿಗಳು ನೆಟ್ಟಗೆ ನಿಂತು ನೆಲ ಕುಕ್ಕಿದವು. ಟಕ್ ಟಕ್ ಟಕ್. ಚಿಕ್ಕೀರವ್ವ ನೋಡಿ ಸಂತೋಷಪಟ್ಟಳು. ಎಷ್ಟು ಕಾಳು ನೆಲದಲ್ಲೇ ಉಳಿಯಿತು ಎಂದು ಬಗ್ಗಿ ನೋಡಲಿಲ್ಲ.

"ಯಾಕೋ ಕೆಂದ, ಕೂಗೇ ಇಲ್ವಲ್ಲ ನಿಂದು" ಎಂದು ಒಂದು ಮಾತು ಕೇಳಿದಳು.

ಕೆಂದ ಕೊಕ್ಕು ಬಿಗಿಹಿಡಿದು ಆ ಕಡೆ ತಿರುಗಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನಿಗೆ ಗೊತ್ತಿತ್ತು.

ಐದನೆಯ ದಿನ ಮಂಕರಿ ಎತ್ತಿದಾಗ ನಾಲ್ಕು ಕೋಳಿ ಎದ್ದವು. ಚುಕ್ಕಿ ಏಳಲಿಲ್ಲ.

ಚಿಕ್ಕೀರವ್ವ ಅವಳನ್ನು ಮಡಿಲಿಗೆ ಹಾಕಿಕೊಂಡು ಕೂತಳು. ನಿನ್ನೆ ಸಂಜೆ ಕೂಡ ಕಾಳು ಕುಕ್ಕುತ್ತಿದ್ದಳಲ್ಲ ಎಂದು ಅವಳಿಗೆ ಅರ್ಥವೇ ಆಗಲಿಲ್ಲ. ಕತ್ತಿನ ಕೆಳಗಿನ ಕಾಳಿನ ಚೀಲವನ್ನು ಬೆರಳಿನಿಂದ ಒತ್ತಿ ನೋಡಿದಳು. ಖಾಲಿ. ಒಂದು ಕಾಳೂ ಇಲ್ಲ.

ಪಾಪ, ಆಗಲೂ ಅವಳಿಗೆ ಹೊಳೆದದ್ದು ಚಳಿಯೇ. ಇನ್ನೊಂದು ಸಲ ಬಳಿಯೋಣವೆಂದು ಸಗಣಿ ತಂದಳು. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ಬೇಲಿಯ ಮೇಲಿನ ಗಾಳಿ ಇನ್ನು ಸುಮ್ಮನಿರಲಾರದೆ ಹೇಳಿತು. "ಅವ್ವ, ಬಳಿಯೋಕ್ ಮುಂಚೆ ನೀನೊಂದ್ಸಲ ಅದರೊಳಗೆ ಕೂತು ನೋಡು."

"ಕೂತೇ ತೋರಿಸ್ತೀನಿ. ಎಷ್ಟು ಬೆಚ್ಚಗೈತೆ ಅಂತ ನಿಂಗೂ ಗೊತ್ತಾಗ್ಲಿ" ಎಂದು ಚಿಕ್ಕೀರವ್ವ ಮೊಣಕಾಲೂರಿ ಮಂಕರಿಯನ್ನು ತಲೆಯ ಮೇಲೆ ಕವುಚಿಕೊಂಡಳು.

ಹತ್ತು ಎಣಿಸುವಷ್ಟು ಹೊತ್ತು ಸದ್ದಿಲ್ಲ. ಆಮೇಲೆ ಮಂಕರಿ ಅಲುಗಾಡಿತು. ಮಗುಚಿ ಬಿತ್ತು. ಚಿಕ್ಕೀರವ್ವ ಕೆಮ್ಮುತ್ತಾ ಆಚೆ ಬಂದಳು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಹಿಕ್ಕೆಯ ಖಾರ ಮೂಗಿಗೆ ಹತ್ತಿ ಗಂಟಲು ಉರಿಯುತ್ತಿತ್ತು.

"ಇದರೊಳಗೆ ಹೆಂಗ್ರಪ್ಪ ಇದ್ರಿ?" ಎಂದಳು. ಆಮೇಲೆ ಅವಳ ಕಣ್ಣಿಂದ ಬಂದ ನೀರು ಖಾರದ್ದಲ್ಲ. ಆ ಸಗಣಿ ಬಳಿದದ್ದು ಅವಳ ಕೈಯೇ ಅಲ್ಲವೇ?

ಅವಳು ಕೆಂದನ ಮುಂದೆ ಕೂತಳು. "ಇನ್ನೂ ಯಾರ್ಯಾರ್ಗೆ ಹಿಂಗಾಗೈತೆ, ಹೇಳು."

ಕೆಂದ ಕರಿಕೋಳಿಯನ್ನು ನೋಡಿದ. ಕರಿಕೋಳಿ ನೆಲ ನೋಡಿತು. ಕೊನೆಗೆ ಅವನು ಕೊಕ್ಕು ತೆರೆದ. ಬಂದದ್ದು ಎಣ್ಣೆ ಕಾಣದ ಬಾಗಿಲಿನ ಸದ್ದು.

"ನಂಗೂ ಆಗೈತೆ. ಕರಿಕೋಳಿಗೂ ಆಗೈತೆ. ಹೇಳ್ಬೇಡಿ ಅಂದೋನು ನಾನೇ ಕಣವ್ವ. ಕಾಡಲ್ಲಿ ಹೇಳ್ದೋರು ಉಳೀತಿರ್ಲಿಲ್ಲ."

"ಇದು ಕಾಡಲ್ಲ ಕಣೋ" ಎಂದಳು ಚಿಕ್ಕೀರವ್ವ. "ಇಲ್ಲಿ ಹೇಳ್ದೋರ್ನ ಉಳ್ಸಕ್ಕೆ ನೋಡ್ಬೋದು. ಹೇಳ್ದೇ ಇರೋರ್ನ ನಾನು ಹೆಂಗಪ್ಪ ಉಳ್ಸ್ಲಿ?"

ಕೆಂದ ಕರಿಕೋಳಿಯನ್ನು ಕೊಕ್ಕಿನಿಂದ ಅವ್ವನ ಮುಂದಕ್ಕೆ ತಳ್ಳಿದ.

ಅವಳು ಕಲ್ಲಿನಿಂದ ಹೊಡೆದು ಮಂಕರಿಯ ಮೇಲ್ಭಾಗದ ಸಗಣಿಯನ್ನೆಲ್ಲ ಉದುರಿಸಿದಳು. ಬುಡದಲ್ಲಿ ಮಾತ್ರ ಎರಡು ಗೇಣು ಉಳಿಸಿದಳು. "ಗಾಳಪ್ಪ, ತಪ್ಪಾಯ್ತು, ಬಾ. ಆದ್ರೆ ಅವುಗಳ ಮೈ ಮೇಲೆ ಬೀಳ್ಬೇಡ."

"ಮೈಗೆ ಬರಾಕಿಲ್ಲವ್ವ. ತಲೆ ಮೇಲ್ಗಡೆಯಿಂದ ಹೋಯ್ತೀನಿ, ಹೋಗುವಾಗ ಆ ಖಾರಾನೂ ಎತ್ಕೊಂಡು ಹೋಯ್ತೀನಿ" ಎಂದಿತು ಗಾಳಿ. ಗಾಳಿಗೆ ಸಿಟ್ಟು ಇಟ್ಟುಕೊಳ್ಳಲು ಜಾಗವೆಲ್ಲಿದೆ?

ಹಸಿ ನೆಲ ಕೆರೆದು ಒಣಬೂದಿ ಎರಚಿದಳು. ಅದರ ಮೇಲೆ ಒಣಹುಲ್ಲು ಹಾಸಿದಳು. ಕೆಂದನನ್ನೂ ಕರಿಕೋಳಿಯನ್ನೂ ಬೇರೆ ಮಂಕರಿಯಲ್ಲಿ, ಅಂಗಳದ ಆ ತುದಿಗೆ ಇಟ್ಟಳು. ಅವಕ್ಕೆ ಬೇರೆ ನೀರಿನ ಮಡಕೆ. ದಿನಾ ಮೊದಲು ಗಟ್ಟಿಯಾಗಿರುವ ಕೋಳಿಗಳಿಗೆ ಮೇವು ಹಾಕುವಳು, ಆಮೇಲೆ ಇವಕ್ಕೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕಣ್ಣು ಮೂಗು ಒರೆಸುವಳು, ಕೈ ತೊಳೆಯುವಳು. ಮೇವು ಹಾಕಿದ ಮೇಲೆ ಕಾಳಿನ ಚೀಲವನ್ನು ಬೆರಳಿನಿಂದ ಒತ್ತಿ ನೋಡುವಳು. ನೆಟ್ಟಗೆ ನಿಂತ ಕೋಳಿಯನ್ನು ಅವಳು ಇನ್ನು ನಂಬುತ್ತಿರಲಿಲ್ಲ.

ಉಳಿಯುತ್ತವೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಲೋಕವೇ ಹೊಸದು. ಯಾರನ್ನು ಕೇಳುವುದು?

"ಎಲ್ಲಿ, ಕೂಗು ನೋಡಾನ" ಎಂದು ದಿನಾ ಕೇಳುವಳು. ಕೆಂದ ಬಾಯಿ ತೆರೆಯುವನು. ಗೊರ್. ಮರುದಿನ ಮತ್ತೆ ಕೇಳುವಳು. ಗೊರ್. ನಾಲ್ಕನೆಯ ದಿನ ಕರಿಕೋಳಿ ನಾಲ್ಕು ಕಾಳು ನುಂಗಿತು. ಆರನೆಯ ದಿನ ಕೆಂದನ ಗಂಟಲಿನಿಂದ ಅರ್ಧ ಕೂಗು ಬಂದು ನಡುವೆ ಮುರಿಯಿತು. ಅವನಿಗೆ ನಾಚಿಕೆಯಾಯಿತು. ಆದರೂ ಬಾಯಿ ಮುಚ್ಚಿಕೊಳ್ಳಲಿಲ್ಲ. ಮುರಿದ ಕೂಗನ್ನೇ ಇನ್ನೊಂದು ಸಲ ಕೂಗಿದ.

ಹತ್ತನೆಯ ದಿನ ಮೂಡಣದಲ್ಲಿ ಬೆಳಕು ಹರಿಯುತ್ತಿತ್ತು. ಚಿಕ್ಕೀರವ್ವ ಒಲೆ ಊದುತ್ತಿದ್ದಳು. ಅಂಗಳದ ಆ ತುದಿಯಿಂದ ಕೂಗು ಕೇಳಿಸಿತು. ಗಂಟಲು ತುಂಬಿದ, ಎಲ್ಲೂ ಒಡೆಯದ ಇಡೀ ಕೂಗು. ಅವಳು ಊದುಗೊಳವೆ ಅಲ್ಲೇ ಬಿಟ್ಟು ಓಡಿದಳು. ಮಂಕರಿಯೊಳಗೆ ಕೆಂದ ಕತ್ತು ಚಾಚಿ, ಕಣ್ಣು ಮುಚ್ಚಿ ನಿಂತಿದ್ದ. ಗಂಟಲಿನ ಒಂದಂಗುಲವನ್ನೂ ಬಚ್ಚಿಟ್ಟಿರಲಿಲ್ಲ.

"ಕೇಳಿಸ್ತಾ ಅವ್ವ?" ಎಂದ.

"ಕೇಳಿಸ್ತು ಕಣಪ್ಪ" ಎಂದು ಚಿಕ್ಕೀರವ್ವ ಅವನ ಕತ್ತು ಸವರಿದಳು. "ಇನ್ಮೇಲೆ ದಿನಾ ಬೆಳಗಾನೆ ಹಿಂಗೇ ಕೂಗು. ನಾನು ಕಿವಿ ಇಟ್ಕೊಂಡಿರ್ತೀನಿ. ಕೂಗು ಬರ್ದಿದ್ರೆ, ಒಡ್ಕು ಬಂದ್ರೆ, ಕೆಲ್ಸ ಬಿಟ್ಟು ಬತ್ತೀನಿ."

"ಕೂಗ್ತೀನಿ" ಎಂದ ಕೆಂದ. ಕತ್ತು ಇನ್ನಷ್ಟು ಚಾಚಿ, "ಚುಕ್ಕಿಗೂ ಸೇರ್ಸಿ ಕೂಗ್ತೀನಿ" ಎಂದ.

ಆಮೇಲೆ ಕೋಳಿಗಳು ಮನೆಮನೆಗೂ ಹೋದವು. ಹುಂಜಗಳು ಒಂದರಿಂದ ಒಂದು ಈ ಮಾತನ್ನು ಕಲಿತವು. ಒಂದು ಕೂಗಿದರೆ ಬೀದಿಯಾಚೆಯದು ನನ್ನ ಗಂಟಲೂ ಸರಿಯಿದೆ ಎನ್ನುತ್ತದೆ. ಅದಕ್ಕೆ ಕೆರೆಯಾಚೆಯದು ಓಗೊಡುತ್ತದೆ. ಕೋಳಿ ಕೂಗದಿದ್ದರೂ ಬೆಳಗಾಗುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಆಗುತ್ತದೆ, ಯಾರು ಇಲ್ಲವೆಂದರು? ಅದು ಕೂಗುವುದು ಸೂರ್ಯನಿಗಲ್ಲ.

ನಾಳೆ ಬೆಳಿಗ್ಗೆ ಬೇಗ ಎದ್ದು ನೋಡು: ಹುಂಜ ಕತ್ತು ಚಾಚಿ, ಕಣ್ಣು ಮುಚ್ಚಿ ಒಂದು ಸಲ ಕೂಗುತ್ತದೆ, ಆಮೇಲೆ ಸುಮ್ಮನೆ ನಿಂತು, ಒಳಗೆ ಯಾರಿಗಾದರೂ ಕೇಳಿಸಿತೇ ಎಂದು ಮನೆಯ ಬಾಗಿಲನ್ನೇ ನೋಡುತ್ತದೆ.