ಅವ್ವನ ಸಕ್ಕರೆ ತಿಂದ ಕೊಟ್ರೇಶಿ

ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಹಿಂದಿನ ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬ ಮಗ, ಕೊಟ್ರೇಶಿ. ಮಗ ಅಂದರೆ ಅಂಥಿಂಥ ಮಗನಲ್ಲ, ತಾಯಿ ಹಾಕಿದ ಗೆರೆ ದಾಟದವನು. ಆಹಾ, ಎಂಥ ಪುಣ್ಯವಂತೆ ಅಂತೀರಾ? ತಡೀರಿ, ಅವಸರ ಮಾಡಬೇಡಿ. "ಹಾಲು ಉಕ್ಕುತ್ತೇನೋ ನೋಡ್ತಿರಲೇ" ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತ ಕೂತು, "ಉಕ್ಕಿತವ್ವಾ, ಭಾಳ ಚಂದ ಉಕ್ಕಿತು!" ಅಂತ ಬಂದು ಹೇಳುವವನು. ಹಾಲಮ್ಮ ಹಣೆ ಬಡಿದುಕೊಂಡು ಬಡಿದುಕೊಂಡು ಹಣೆಯೇ ಸವೆದಿತ್ತು.

ಇಂಥ ಹಾಲಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಮೊದಲು ಸೂಜಿ ಕಾಣಲಿಲ್ಲ, ಆಮೇಲೆ ಅಕ್ಕಿಯೊಳಗಿನ ಕಲ್ಲು ಕಾಣಲಿಲ್ಲ, ಕೊನೆಗೆ ಒಲೆಯ ಉರಿ ಕಾಣದೆ ಸೆರಗಿಗೆ ಬೆಂಕಿ ಹತ್ತಿತು. ಅವತ್ತಿಗೆ ಮನೆಯ ಅಡಿಗೆ ನಿಂತಿತು. ಕೊಟ್ರೇಶಿ ಭಟ್ಟಿಯಲ್ಲಿ ಮಂಡಕ್ಕಿ ಚೀಲ ಹೊರುತ್ತಿದ್ದ, ಒಲೆ ಹಚ್ಚಲು ಬಾರದು. ಹಾಗಾಗಿ ಹೊತ್ತು ಹೊತ್ತಿಗೆ ಹೋಟೆಲಿನಿಂದಲೇ ತರಬೇಕು, ತಾಯಿ ಮಗ ತಿನ್ನಬೇಕು.

ಅದೂ ಹೋಗಲಿ ಅಂದರೆ, ಮಗಳು ಕುಸುಮ ಚೊಚ್ಚಲ ಬಸುರಿ. ರಾಣೆಬೆನ್ನೂರಿಗೆ ಕೊಟ್ಟಿದ್ದರು. ಮೊದಲ ಹೆರಿಗೆ ತವರಲ್ಲೇ ಆಗಬೇಕಲ್ಲ! ಆದರೆ ಬೀಗಿತ್ತಿ ಖಡಾಖಂಡಿತ ಹೇಳಿಬಿಟ್ಟಳು. "ಕಣ್ಣು ಕಾಣದಾಕಿ ಬಾಣಂತನ ಹ್ಯಾಂಗ ಮಾಡ್ತಾಳ? ಕಣ್ಣು ಬಂದ್ರ ಕಳಸ್ತೀವಿ. ಇಲ್ಲಾಂದ್ರ ಇಲ್ಲೇ ಆಗ್ಲಿ." ಹಾಲಮ್ಮನ ಎದೆಗೆ ಚೂರಿ ಹಾಕಿದ ಹಾಗಾಯಿತು. ಇರುವ ಒಬ್ಬ ಮಗಳ ತಲೆಗೆ ಎಣ್ಣೆ ಹಚ್ಚಿ ಎರೆಯುವ ಭಾಗ್ಯವೂ ಇಲ್ಲವೇ ಅಂತ ಅತ್ತಳು. ಆಮೇಲೆ ಎದ್ದು ಮಗನ ಹೆಗಲು ಹಿಡಿದು ಕಣ್ಣಿನ ಆಸ್ಪತ್ರೆಗೆ ನಡೆದಳು.

ಡಾಕ್ಟರು ನೋಡಿದರು. "ಅಮ್ಮಾ, ಪೊರೆ ತೆಗೆಯೋದು ದೊಡ್ಡದಲ್ಲ. ಆದ್ರೆ ನಿಮಗೆ ಸಕ್ಕರೆ ಕಾಯಿಲೆ ಇದೆ. ಅದು ಇಳಿಯೋ ತನಕ ನಾನು ಕಣ್ಣು ಮುಟ್ಟಲ್ಲ. ಮಾತ್ರೆ ನುಂಗಿ. ಸಕ್ಕರೆ ಬಿಡಿ, ಅನ್ನ ಬಿಡಿ."

"ಕೇಳಿದ್ಯೇನಲೇ ಕೊಟ್ರೇಶಿ? ಅನ್ನ ತರಬ್ಯಾಡ, ಸಕ್ಕರೆ ತರಬ್ಯಾಡ!"

"ತರಲ್ಲವ್ವಾ!"

ಸೀದಾ ಹೋಟೆಲಿಗೆ ಹೋದ. "ಅನ್ನ ಇಲ್ಲದ್ದು ಏನೈತ್ರೀ?"

"ಬೆಣ್ಣೆ ದೋಸೆ ಐತಿ."

"ಸಕ್ಕರೆ ಹಾಕೀರೇನು?"

"ದೋಸೆಗೆ ಸಕ್ಕರೆ ಯಾರಲೇ ಹಾಕ್ತಾರೆ!"

ಸರಿ, ಕಟ್ಟಿಸಿಕೊಂಡು ಬಂದ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಬೆಣ್ಣೆ ದೋಸೆ. ಹಾಲಮ್ಮ ಕೈಯಾಡಿಸಿ ಕೇಳುವಳು, "ಅನ್ನ ಅಲ್ಲ ತಾನೇ?" ಅವನು ಹೇಳುವನು, "ಒಂದಗುಳೂ ಇಲ್ಲವ್ವಾ!" ಮೆತ್ತಗೆ ಬಾಯಲ್ಲಿಟ್ಟರೆ ಕರಗುತ್ತಿತ್ತು. ಪಥ್ಯ ಅಂದರೆ ಇಷ್ಟು ಸುಖವೇ ಅಂದುಕೊಂಡು ತಿಂದಳು. ಮತ್ತೆ ಆಸ್ಪತ್ರೆಗೆ ಹೋಗಿ ಬೆರಳು ಕೊಟ್ಟರೆ ಸಕ್ಕರೆ ಇಳಿದಿಲ್ಲ, ಏರಿದೆ!

"ಏನಮ್ಮಾ ತಿಂದ್ರಿ?" ಡಾಕ್ಟರು ಕೇಳಿದರು.

"ಅನ್ನ ಮುಟ್ಟಿಲ್ಲ ಸ್ವಾಮಿ. ಬರೀ ದೋಸೆ."

"ದೋಸೆ ಅಕ್ಕಿದೇ ಅಲ್ವೇನಮ್ಮಾ? ಮೇಲೆ ಆ ಬೆಣ್ಣೆ, ಜೊತೆಗೆ ಆಲೂಗಡ್ಡೆ ಪಲ್ಯ, ಕೊಬ್ಬರಿ ಚಟ್ನಿ. ಒಂದು ಊಟಕ್ಕಿಂತ ಜಾಸ್ತಿ ಆಯ್ತು."

ಹಾಲಮ್ಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜೀವಮಾನವಿಡೀ ಒರಳಲ್ಲಿ ದೋಸೆ ಹಿಟ್ಟು ರುಬ್ಬಿದವಳಿಗೆ ಇದು ಹೊಳೆಯಲಿಲ್ಲವಲ್ಲ! ಆ ಸಿಟ್ಟೆಲ್ಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗನ ಮೇಲೆ ಬಿತ್ತು. "ಲೇ ದಡ್ಡ ಶಿಖಾಮಣಿ! ಬೆಣ್ಣೆ ಸುರಿಯೋವಾಗ ನಿನ್ನ ಕಣ್ಣೇನು ಕುರುಡಾಗಿದ್ವಾ? 'ಬೆಣ್ಣೆ ಬ್ಯಾಡ, ಜಿಡ್ಡು ಬ್ಯಾಡ, ಒಣಾದು ಕೊಡ್ರಿ' ಅನ್ನಬೇಕಿತ್ತು!"

"ಹಂಗೇ ಅಂತೀನವ್ವಾ!"

ಮರುದಿನ ಖಾನಾವಳಿಗೆ ಹೋದ. ಖಾನಾವಳಿಯ ಶಾಂತವ್ವ ಬಿಸಿ ಜೋಳದ ರೊಟ್ಟಿ ಮಡಿಸಿ, ಸೌಟಿನ ತುಂಬ ಹೆಸರುಕಾಳು ಪಲ್ಯ ಎತ್ತಿದಳು. ಪಲ್ಯದಲ್ಲಿ ರಸ ಇತ್ತು, ರಸ ಹೊಳೆಯುತ್ತಿತ್ತು.

"ಬ್ಯಾಡ ಬ್ಯಾಡ! ಒಣಾದು ಬೇಕು!" ಅಂತ ಕೂಗಿ ಓಡಿದವನು ಬೇಕರಿ ಮುಂದೆ ನಿಂತ. ಅಲ್ಲಿ ಗಾಜಿನ ಹಿಂದೆ ಎಲ್ಲಾ ಒಣಾದೇ! ಟೋಸ್ಟು, ಖಾರಾ ಬಿಸ್ಕತ್ತು, ನಿಪ್ಪಟ್ಟು. ಮುಟ್ಟಿ ನೋಡಿದ. ಕೈಗೆ ಏನೂ ಅಂಟಲಿಲ್ಲ. ಕಡಿದು ನೋಡಿದ. ಕರುಂ ಅಂದಿತು.

ಹಾಲಮ್ಮನಿಗೂ ಸಮಾಧಾನವಾಯಿತು. ಟೋಸ್ಟು ಅಂದರೆ ಜ್ವರ ಬಂದವರಿಗೆ ಕೊಡುವುದಲ್ಲವೇ? ಹೆರಿಗೆ ವಾರ್ಡಿನಲ್ಲೂ ಟೋಸ್ಟು, ಮಲಗಿದ ಮುದುಕರಿಗೂ ಟೋಸ್ಟು. ರೋಗಿಗಳ ತಿಂಡಿ ರೋಗ ಹೆಚ್ಚಿಸುತ್ತದೆಯೇ? ಸಕ್ಕರೆಯಿಲ್ಲದ ಚಹಾದಲ್ಲಿ ಅದ್ದಿ ಅದ್ದಿ ತಿಂದಳು. ಕುಸುಮನಿಗೆ ಫೋನು ಮಾಡಿ, "ಸ್ವಲ್ಪ ತಡಿ ಮಗಳೇ, ಕಟ್ಟುನಿಟ್ಟು ಪಥ್ಯ ಮಾಡಾಕತ್ತೀನಿ" ಅಂದಳು.

ಸಕ್ಕರೆ ಇನ್ನೂ ಏರಿತು! ಡಾಕ್ಟರು ತಲೆ ಅಲ್ಲಾಡಿಸಿದರು. "ಟೋಸ್ಟು ಯಾವುದರಲ್ಲಿ ಮಾಡ್ತಾರೆ ಗೊತ್ತಾ ಅಮ್ಮಾ? ಮೈದಾ, ಸಕ್ಕರೆ, ಡಾಲ್ಡಾ. ಆ ಖಾರಾ ಬಿಸ್ಕತ್ತಿನಲ್ಲೂ ಸಕ್ಕರೆ ಇರುತ್ತೆ."

"ಖಾರದಾಗೂ ಸಕ್ಕರೆನಾ ಸ್ವಾಮಿ?"

"ಖಾರದಲ್ಲೂ."

ಇನ್ನು ಯಾರನ್ನು ನಂಬುವುದು ಹೇಳಿ! ಹಾಲಮ್ಮ ಮೆಟ್ಟಿಲ ಮೇಲೇ ಕುಸಿದು ಕೂತಳು. ಬೀಗಿತ್ತಿಗೆ ಏನು ಹೇಳಲಿ, ಮಗಳಿಗೆ ತಿಂಗಳ ಮೇಲೆ ತಿಂಗಳು ಏರುತ್ತಿದೆ ಅಂತ ಕೊರಗಿದಳು. ಆಮೇಲೆ ಮಗನ ಕಿವಿ ಹುಡುಕಿ ಹಿಡಿದಳು. "ಲೇ ಪೆದ್ದಪ್ಪಾ! ಮನುಷ್ಯರು ಅಂಗಡ್ಯಾಗೆ ಮಾಡಿದ್ದು ತಂದ್ರೆ ಹಿಂಗೇ ಆಗೋದು. ಗಿಡದಾಗೆ ಬೆಳೆದದ್ದು ತರಬೇಕಿತ್ತು! ಹಣ್ಣು, ಕಾಯಿ, ಸೊಪ್ಪು!"

"ಹಂಗೇ ತರ್ತೀನವ್ವಾ!"

ಸಂಜೆ ಬಂದ. ಬಾಗಿಲಿಗೆ ಬರುವ ಮೊದಲೇ ಘಮ್ಮಂತ ವಾಸನೆ ಬಂತು.

"ಏನಲೇ ಅದು?"

"ಗಿಡದ್ದೇ ಅವ್ವಾ! ಮೆಣಸಿನಕಾಯಿ, ಬಾಳೇಕಾಯಿ, ದೊಡ್ಡಪತ್ರೆ ಸೊಪ್ಪು!"

ಹಾಲಮ್ಮ ಕೈ ಹಾಕಿದಳು. ಬಿಸಿ ಬಿಸಿ ಬಜ್ಜಿ! "ಲೇ! ಇದು ಎಣ್ಣ್ಯಾಗೆ ಮುಳುಗಿ ಎದ್ದದ್ದು!"

"ಮ್ಯಾಲಿನ ಅಂಗಿ ಅಷ್ಟೇ ಅವ್ವಾ. ಒಳಗೆ ಗಿಡದ್ದೇ ಐತಿ."

ಬಜ್ಜಿಯನ್ನು ದೂರ ತಳ್ಳಿದಳು, ಅಷ್ಟು ಬುದ್ಧಿ ಅವಳಿಗಿತ್ತು. ಆದರೆ ಜೊತೆಗೆ ಚಿಕ್ಕು ಹಣ್ಣಿನ ಜ್ಯೂಸು ತಂದಿದ್ದ. ಬಿಸಿಲಿನ ಧಗೆ, ತಣ್ಣಗಿನ ಲೋಟ. ಹಣ್ಣು ಅಂದರೆ ಹಣ್ಣು, ಅದರಲ್ಲೇನು ಮೋಸ? ಸಿಹಿ ಇತ್ತು ನಿಜ. ಹಣ್ಣಿನ ಸಿಹಿ ಇರಬೇಕು ಅಂತ ಮನಸ್ಸಿಗೆ ತಾನೇ ಹೇಳಿಕೊಂಡು ತಳ ಕಾಣುವ ತನಕ ಕುಡಿದಳು. ದಿನವೂ ತರಿಸಿ ಕುಡಿದಳು. ಒಂದು ದಿನ ಕೊಟ್ರೇಶಿ ಮಾತಿಗೆ ಮಾತು ಬಂದು ಅಂದ, "ಜ್ಯೂಸಿನವನದು ಒಳ್ಳೇ ಕೈ ಅವ್ವಾ. ಒಂದು ಚಿಕ್ಕು ಹಾಕಿದ್ರೆ ಎರಡು ಸೌಟು ಸಕ್ಕರೆ ಹಾಕ್ತಾನೆ. ಹಾಲು ಬ್ಯಾರೆ."

ಹಾಲಮ್ಮನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ನೋಡ್ತಾ ನಿಂತಿದ್ದೇನಲೇ?"

"ಹೂಂ ಅವ್ವಾ. ಸಕ್ಕರೆ ಗಿಡದ್ದಲ್ಲೇನು? ಕಬ್ಬಿಂದು!"

ಆಗ ಹಾಲಮ್ಮ ರೇಗಿ ಒಂದು ಮಾತು ಅಂದಳು. ಆ ಮಾತು ಅವಳ ಬಾಯಿಂದ ಬರಬಾರದಿತ್ತು, ಆದರೆ ಬಂತು. "ನನಗೆ ಕಣ್ಣಿಲ್ಲ, ನಿನಗೆ ತಲೆಯಿಲ್ಲ! ನಾಲಿಗೆನಾದ್ರೂ ಐತಲ್ಲ? ಇನ್ನ ಮ್ಯಾಲೆ ನನಗೆ ಏನೇ ಕೊಟ್ರೂ ಮೊದ್ಲು ನೀನು ನೋಡು! ಸಿಹಿ ಇದ್ರೆ ಕೊಡಬ್ಯಾಡ, ಜಿಡ್ಡಿದ್ರೆ ಕೊಡಬ್ಯಾಡ. ಹಂಗಂತ ಚೆಲ್ಲೀಯ ಮತ್ತೆ! ಅನ್ನ ಚೆಲ್ಲಿದ್ರೆ ಮನೆಗೆ ಏಳಿಗೆ ಇಲ್ಲ."

"ಚೆಲ್ಲಲ್ಲವ್ವಾ!"

ಚೆಲ್ಲಲಿಲ್ಲ. ಅವನು ಯಾವತ್ತು ಮಾತು ಮೀರಿದವನು? ದೋಸೆ ಕಟ್ಟಿಸಿದ, ಚೂರು ಮುರಿದು ಬಾಯಿಗಿಟ್ಟ. ಜಿಡ್ಡು! ಅವ್ವಗೆ ಬ್ಯಾಡ. ಚೆಲ್ಲಬಾರದು. ತಾನೇ ತಿಂದ. ಕೇಸರಿಬಾತು ಕಟ್ಟಿಸಿದ. ಸಿಹಿ! ತಾನೇ ತಿಂದ. ಪೂರಿ, ತಾನೇ ತಿಂದ. ಜ್ಯೂಸು, ತಾನೇ ಕುಡಿದ. ಹೀಗೆ ಬೀದಿಯ ಅಂಗಡಿಗಳನ್ನೆಲ್ಲ ತಿಂದು ತಿಂದು ದಾಟಿ, ಕೊನೆಗೆ ಶಾಂತವ್ವನ ಖಾನಾವಳಿಗೆ ಬಂದು, ರೊಟ್ಟಿ ಕಾಳಿನ ರುಚಿ ನೋಡಿ, "ಇದು ಅಡ್ಡಿಯಿಲ್ಲ" ಅಂತ ತಾಯಿಗೆ ತರುತ್ತಿದ್ದ. ದಿನಾಲೂ ಅದೇ ದಾರಿ, ದಿನಾಲೂ ಅದೇ ಪರೀಕ್ಷೆ. ನಿನ್ನೆ ನೋಡಿದ್ದೆನಲ್ಲ ಅಂತ ಬಿಡುವ ತಲೆಯಾಗಿದ್ದರೆ ಅವನು ಕೊಟ್ರೇಶಿ ಹೇಗಾಗುತ್ತಿದ್ದ?

ಹಾಲಮ್ಮನ ಮೈ ಹಗುರಾಯಿತು. ತಲೆ ತಿರುಗುವುದು ನಿಂತಿತು. ಮಗನಿಗೆ ಕೊನೆಗೂ ಬುದ್ಧಿ ಬಂತು ಅಂತ ಓಣಿಯಲ್ಲೆಲ್ಲ ಹೇಳಿಕೊಂಡಳು. ಶಾಂತವ್ವ ಒಮ್ಮೆ ಅಂದಳು, "ನಿನ್ನ ಮಗ ಭಾಳ ದುಂಡಗಾಗ್ಯಾನೆ ಬಿಡು ಹಾಲಮ್ಮಾ." ಹಾಲಮ್ಮ, "ದೃಷ್ಟಿ ತಾಗೀತು, ಹಂಗನಬ್ಯಾಡ" ಅಂತ ಹಿಗ್ಗಿದಳು. ಕೊಟ್ರೇಶಿ ಮಾತ್ರ ಬಂದೊಡನೆ ಕೊಡದ ಹತ್ತಿರ ಹೋಗಿ ಗಟಗಟ ನೀರು ಕುಡಿಯುತ್ತಿದ್ದ. ಮತ್ತೆ ಹೋಗಿ ಮತ್ತೆ ಕುಡಿಯುತ್ತಿದ್ದ. ಭಟ್ಟಿಯ ಕೆಲಸ, ಬಾಯಾರಿಕೆ ಸಹಜ ಅಂದುಕೊಂಡಳು.

ಸಕ್ಕರೆ ಇಳಿದಿದ್ದರೆ ಅವತ್ತೇ ಆಪರೇಷನ್ನು ಅಂತ ಡಾಕ್ಟರು ಹೇಳಿದ್ದ ದಿನ ಬಂತು. ಆಸ್ಪತ್ರೆಯಲ್ಲಿ ನೂಕುನುಗ್ಗಲು. ಮುಂದೆ ಕೊಟ್ರೇಶಿ, ಅವನ ಅಂಗಿ ಹಿಡಿದು ಹಿಂದೆ ಹಾಲಮ್ಮ. ನರ್ಸಿಗೆ ತಲೆ ಎತ್ತಲು ಪುರುಸೊತ್ತಿಲ್ಲ.

"ಹಾಲಮ್ಮ ಯಾರು? ಬೆರಳು ಕೊಡಿ!"

ಕಿಟಕಿಯೊಳಗೆ ಬೆರಳು ಹೋಯಿತು. ಚುಚ್ಚಿದಳು.

"ಅಯ್ಯೋ ದೇವರೇ! ಇದೇನಮ್ಮಾ ಇಷ್ಟೊಂದು ಸಕ್ಕರೆ! ಇವತ್ತು ಆಗಲ್ಲ, ನಡೀರಿ."

ಹಾಲಮ್ಮನ ಜೀವ ಬಾಯಿಗೆ ಬಂತು. "ಅಲ್ಲ ತಾಯೀ, ನನಗೆ ಚುಚ್ಚೇ ಇಲ್ಲವಲ್ಲ!"

ಆಗ ನರ್ಸು ತಲೆ ಎತ್ತಿದಳು. "ಹಾಗಾದ್ರೆ ಈ ಬೆರಳು ಯಾರದು?"

"ನಂದ್ರೀ," ಅಂದ ಕೊಟ್ರೇಶಿ. "ಅವ್ವಗೆ ಏನೇ ಕೊಟ್ರೂ ಮೊದ್ಲು ನಾನು ನೋಡ್ಬೇಕು. ನೋಡಿದೆ. ಸೂಜಿ ಸ್ವಲ್ಪ ಖಾರ ಐತಿ, ಜಿಡ್ಡಿಲ್ಲ. ಇನ್ನ ಅವ್ವಗೆ ಕೊಡ್ರಿ."

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನರ್ಸು ಹಾಲಮ್ಮನ ಬೆರಳು ಚುಚ್ಚಿ ನೋಡಿದಳು. "ನಿಮ್ಮದು ಇಳಿದಿದೆ ಅಮ್ಮಾ, ಒಳಗೆ ಬನ್ನಿ." ಆಮೇಲೆ ದನಿ ತಗ್ಗಿಸಿದಳು. "ಮಗನಿಗೂ ಕಾಯಿಲೆ ಇದೆ. ಮೊದಲು ನಿಮಗಿತ್ತಲ್ಲ, ಅದಕ್ಕಿಂತ ಜಾಸ್ತಿ."

ಕೊಟ್ರೇಶಿ ಕೈ ತಟ್ಟಿ ಕುಣಿದ. "ನೋಡಿದ್ಯಾ ಅವ್ವಾ! ನಿನ್ನ ಸಕ್ಕರೆ ಎಲ್ಲಾ ನಾನೇ ತಿಂದುಬಿಟ್ಟೆ! ನಿನಗೆ ಒಂದು ಚೂರೂ ಉಳಿಸಿಲ್ಲ!"

ಹಾಲಮ್ಮ ನಗಲಿಲ್ಲ. ಮಗನ ಮೈ ಮೇಲೆ ಕೈಯಾಡಿಸಿದಳು. ಊದಿದ ಕೆನ್ನೆ ಸಿಕ್ಕಿತು, ಗುಂಡಿ ಹಾಕಲು ಬಾರದ ಅಂಗಿ ಸಿಕ್ಕಿತು, ಅದರೊಳಗಿನ ಹೊಟ್ಟೆ ಸಿಕ್ಕಿತು. ಇಷ್ಟು ದಿನ ರೊಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದ ಕೈ, ಹೆತ್ತ ಮಗನನ್ನು ಒಂದು ಸಲವೂ ಮುಟ್ಟಿ ನೋಡಲಿಲ್ಲ. ಕಣ್ಣು ಕಾಣದಿದ್ದರೆ ಏನಂತೆ, ಬಾಯಿತ್ತಲ್ಲ, ನೀನೇನು ತಿಂದೆ ಮಗಾ ಅಂತ ಕೇಳಬಹುದಿತ್ತಲ್ಲ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಅಂತ ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಆ ಮಾತು ಹೇಳಿದವಳು ತಾನು. ಅವನು ಪೆದ್ದ, ಸರಿ. ತಾನು ಯಾವ ಜಾಣೆ?

"ನಾನು ಒಳಗೆ ಹೋಗಲ್ಲ ತಾಯೀ" ಅಂದಳು. ನರ್ಸು ಕೇಳಲಿಲ್ಲ. ಕುಸುಮನ ನೆನಪೂ ಎಳೆಯಿತು. ಬಾಗಿಲ ತನಕ ಹೋದವಳು ತಿರುಗಿ ನಿಂತು ಹೇಳಿದಳು, "ಮಗಾ, ಇನ್ನ ಮ್ಯಾಲೆ ನೀನು ಯಾವುದರ ರುಚೀನೂ ನೋಡಬ್ಯಾಡಪ್ಪಾ. ನಿನ್ನ ಕಾಲು ಹಿಡೀತೀನಿ."

"ನೋಡಲ್ಲವ್ವಾ!"

ಒಂದು ಕಣ್ಣಿನ ಪೊರೆ ತೆಗೆದು ಕಟ್ಟು ಹಾಕಿದರು. ಇನ್ನೊಂದು ಆಮೇಲೆ ಅಂದರು. ಡಾಕ್ಟರು ತಾಯಿ ಮಗ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು, "ಹುಷಾರು. ಈ ಕಣ್ಣಲ್ಲಿ ಅಳಬಾರದು, ಉಜ್ಜಬಾರದು." ಕೊಟ್ರೇಶಿ ಗೋಣು ಹಾಕಿದ. ಹೊರಗೆ ಬೆಂಚಿನ ಮೇಲೆ ತಾಯಿಯನ್ನು ಕೂರಿಸಿ, ಫೋನು ಬಂದದ್ದನ್ನು ಹೇಳಿದ. ಬೀಗಿತ್ತಿ ಒಪ್ಪಿದ್ದಾಳಂತೆ, ಕುಸುಮನನ್ನು ಕಳಿಸುತ್ತಾಳಂತೆ. ಇಷ್ಟು ದಿನ ಕಾದ ಮಾತು ಅದು. ಹಾಲಮ್ಮನಿಗೆ ಅದು ಕಿವಿಗೆ ಬಿತ್ತು, ಎದೆಗೆ ಇಳಿಯಲಿಲ್ಲ.

"ಹೊತ್ತಾತು. ನೀನೇನು ತಿಂದೆ ಮಗಾ?" ಕೇಳಿದಳು.

"ನಿನಗೆ ಅಂತ ಬೆಣ್ಣೆ ಬನ್ನು ತಂದಿದ್ದೆ. ನೀ ಬರೋದು ತಡ ಆತು. ಕೆಟ್ಟು ಹೋದ್ರೆ ಚೆಲ್ಲಬೇಕಾಗ್ತೈತಿ, ತಿಂದೆ. ಆದ್ರೆ ನಿನ್ನಾಣೆ, ರುಚಿ ನೋಡಿಲ್ಲವ್ವಾ. ಅಗೀದೇ ನುಂಗಿದೆ!"

ಹಾಲಮ್ಮನ ತುಟಿ ನಡುಗಿತು. ಕೊಟ್ರೇಶಿ ಅದನ್ನು ನೋಡಿ ಗಾಬರಿಯಿಂದ ಎದ್ದು, ಕಟ್ಟು ಹಾಕಿದ ಕಣ್ಣಿಗೆ ತನ್ನ ಅಂಗೈ ಅಡ್ಡ ಹಿಡಿದ.

"ಅವ್ವಾ! ಅವ್ವಾ! ತಡಿ! ಈ ಕಣ್ಣಾಗೆ ಅಳಬಾರದು ಅಂದಾರೆ ಡಾಕ್ಟ್ರು. ಆ ಕಣ್ಣಾಗೆ ಅಳು!"

ಹಾಲಮ್ಮ ಮಗ ಹೇಳಿದ ಹಾಗೇ ಮಾಡಿದಳು.