ಎರಡೇ ಕೂಗು

ಮಲಪ್ರಭೆಯ ದಂಡೆಯ ಮೇಲೆ ನಿಜಗುಣಯ್ಯನವರ ಆಶ್ರಮ. ಎರಡು ಕೋಣೆ, ಒಂದು ಹುಣಸೆಮರ, ನೀರಿಗಿಳಿಯಲು ನಾಲ್ಕು ಮೆಟ್ಟಿಲು. ಸುತ್ತಲಿನವರು ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಇನ್‌ಸ್ಪೆಕ್ಟರ್ ಮಾರ್ತಾಂಡಪ್ಪ ಅವರ ಹಳೆಯ ಶಿಷ್ಯ. ಅಂದು ಬೆಳಿಗ್ಗೆ ಬಂದವನು ಕಾಲಿಗೆ ಬಿದ್ದು, ಎದ್ದು ಎದುರಿಗೆ ಕೂತ.

ಬಂದ ಕಾರಣ ಹೇಳತೊಡಗಿದ. ಆರು ತಿಂಗಳ ಕೆಳಗೆ ಅವನ ಠಾಣೆಗೆ ಎರಡು ಸ್ಟನ್ ಗನ್ ಬಂದಿದ್ದವು. ಅದರಲ್ಲಿ ಗುಂಡಿಲ್ಲ. ತಂತಿ ಹಾರಿ ಮೈಗೆ ಕಚ್ಚುತ್ತದೆ, ಕರೆಂಟು ಹರಿದು ಮನುಷ್ಯ ಕೊರಡಿನಂತೆ ಸೆಟೆದು ಬೀಳುತ್ತಾನೆ. ಜೀವ ಹೋಗುವುದು ಬಲು ಅಪರೂಪ ಎಂದು ತರಬೇತಿಯಲ್ಲಿ ಹೇಳಿದ್ದರು. ಈಗ ಅದನ್ನು ಎಲ್ಲ ಠಾಣೆಗಳಿಗೂ ಕೊಡಬೇಕೋ ಬೇಡವೋ, ನಿಮ್ಮ ಅನುಭವ ಬರೆದು ಕಳಿಸಿ ಎಂದು ಮೇಲಿನಿಂದ ಪತ್ರ ಬಂದಿತ್ತು. ಬರೆಯಲು ಕೂತರೆ ಅವನಿಗೆ ಕೈ ಏಳುತ್ತಿರಲಿಲ್ಲ.

ಮೊದಲು ಒಳ್ಳೆಯದನ್ನೇ ಹೇಳಿದ. ಬುದ್ಧಿ ಕೆಟ್ಟವನೊಬ್ಬ ಹೆಂಡತಿಯ ಮೇಲೆ ಕೊಡಲಿ ಎತ್ತಿ ಓಡಿದ್ದ. ಮಾರ್ತಾಂಡಪ್ಪ ಸ್ಟನ್ ಗನ್ ಹೊಡೆದ. ಕೊಡಲಿ ಬಿತ್ತು, ಅವನೂ ಬಿದ್ದ. ಇವತ್ತು ಅವನು ಔಷಧಿ ತಗೊಂಡು ಅದೇ ಹೆಂಡತಿಯ ಜೊತೆ ಬಾಳುತ್ತಿದ್ದಾನೆ. ಪಿಸ್ತೂಲಾಗಿದ್ದರೆ ಆಕೆ ವಿಧವೆ.

"ಚಲೋ ಆತು," ಅಂದರು ಅಜ್ಜಾರು. "ಇನ್ನೊಂದು ಹೇಳು."

ಮಾರ್ತಾಂಡಪ್ಪ ಹೊಳೆಯ ಕಡೆ ಮುಖ ಮಾಡಿದ.

ಸಂತೆಯ ದಿನ ಕಾಯಿಪಲ್ಲೆಯವರ ನಡುವೆ ಹೊಡೆದಾಟ. ಕುಡುಗೋಲು ಹಿಡಿದವನೊಬ್ಬ ಇದ್ದಾನೆಂದು ಯಾರೋ ಫೋನು ಮಾಡಿದರು. ಇವನು ಓಡಿ ಬರುವಷ್ಟರಲ್ಲಿ ಜನ ಚೆದುರಿದ್ದರು. ಒಬ್ಬನು ಮಾತ್ರ ಬೆನ್ನು ತಿರುಗಿಸಿ ನಿಂತಿದ್ದ, ಕೈಯಲ್ಲಿ ಕುಡುಗೋಲು. ಕೆಳಗೆ ಹಾಕು ಎಂದು ಇವನು ಕೂಗಿದ. ಹಾಕಲಿಲ್ಲ. ಮತ್ತೊಮ್ಮೆ ಕೂಗಿದ. ಆಮೇಲೆ ಸ್ಟನ್ ಗನ್ ಒತ್ತಿಬಿಟ್ಟ.

ಅವನು ಹುಲಿಗೆಪ್ಪ, ಹುಲ್ಲು ಮಾರುವವನು. ಹುಟ್ಟಾ ಕಿವುಡ. ಜಗಳಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಸೆಟೆದುಕೊಂಡ ಕೈ ಕುಡುಗೋಲನ್ನು ಬಿಡಲಿಲ್ಲ, ಅದರ ಮೇಲೆಯೇ ಬಿದ್ದ. ಡಾಕ್ಟರು ಬಲಗೈ ಹೊಲಿದರು. ಮೂರು ಬೆರಳು ಇನ್ನು ಮಡಚುವುದಿಲ್ಲ.

"ಅವಗ ಬಾಯಿಲ್ಲರಿ ಅಜ್ಜಾರ. ಆ ಕೈಲೇನ ಮಾತಾಡತಿದ್ದ."

ವಿಚಾರಣೆ ನಡೆದು, ಇವನದು ತಪ್ಪಿಲ್ಲ ಎಂದು ಬರೆದರು. ಕೈಯಲ್ಲಿ ಕುಡುಗೋಲಿತ್ತು, ಎರಡು ಸಲ ಎಚ್ಚರಿಕೆ ಕೊಟ್ಟಾಗಿತ್ತು, ಎಲ್ಲ ನಿಯಮದಂತೆಯೇ ನಡೆದಿತ್ತು. ಅದನ್ನು ಓದಿದ ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

"ಬೇಕು ಅಂತ ಬರೀಲೋ, ಬ್ಯಾಡ ಅಂತ ಬರೀಲೋ? ನೀವ ಹೇಳ್ರಿ."

"ಅವನ ಮನಿಗೆ ಹೋಗಿದ್ದೇನು?"

"ಇಲ್ಲರಿ."

"ಹೋಗಿ ಬಾ."

ಮರುದಿನ ಹೋದ. ಹುಲಿಗೆಪ್ಪನ ಹೆಂಡತಿ ದುರಗವ್ವ ಎಮ್ಮೆಗೆ ಹೊಟ್ಟು ಕಲಸುತ್ತಿದ್ದಳು. ಹೋಗು ಅನ್ನಲಿಲ್ಲ, ಕೂತುಕೋ ಅಂತಲೂ ಅನ್ನಲಿಲ್ಲ. ಹುಲಿಗೆಪ್ಪ ಇವನನ್ನು ಬಹಳ ಹೊತ್ತು ನೋಡಿದ. ಆಮೇಲೆ ಎಡಗೈ ಎತ್ತಿ ಏನೋ ಹೇಳಹೋದ. ತಪ್ಪಿತು. ನಿಲ್ಲಿಸಿ ಮತ್ತೆ ಮಾಡಿದ.

ಎಡಗೈಯ ಮಾತು ತನಗೂ ಪೂರಾ ತಿಳಿಯುವುದಿಲ್ಲ ಎಂದಳು ದುರಗವ್ವ. ಮೂರನೆಯ ಸಲಕ್ಕೆ ಅವಳಿಗೆ ಗೊತ್ತಾಯಿತು.

"ಮುಂದ ಬಂದು ನಿಂತಿದ್ದರ ನೋಡತಿದ್ನಲ್ಲ, ಅಂತಾನ್ರಿ."

ಮಾರ್ತಾಂಡಪ್ಪ ಕೈ ಮುಗಿದ. ತಪ್ಪಾಯಿತು ಅನ್ನಬೇಕೆಂದಿದ್ದ. ಅಂದರೂ ಹುಲಿಗೆಪ್ಪನ ಕಿವಿಗೆ ಬೀಳುತ್ತಿರಲಿಲ್ಲ.

ಸಂಜೆ ಆಶ್ರಮಕ್ಕೆ ಬಂದು ನಡೆದದ್ದನ್ನೆಲ್ಲ ಹೇಳಿದ. ಈ ಯಂತ್ರ ಬರುವುದಕ್ಕೆ ಮುಂಚೆ ಕೈಯಲ್ಲಿ ಆಯುಧ ಹಿಡಿದವರು ಯಾರೂ ಎದುರಾಗಿರಲಿಲ್ಲವೇ ಎಂದು ಅಜ್ಜಾರು ಕೇಳಿದರು.

ಆಗಿದ್ದರು. ಹತ್ತು ವರ್ಷದ ಹಿಂದೆ, ಬೆಲ್ಲದ ಗಾಣದ ಹತ್ತಿರ, ಕುಡಿದ ಅಮಲಿನಲ್ಲಿ ಮಚ್ಚು ಬೀಸುತ್ತಿದ್ದವನೊಬ್ಬ. ಇವನ ಬಳಿ ಇದ್ದದ್ದು ಪಿಸ್ತೂಲು ಒಂದೇ. ಅದನ್ನು ಹೊರಗೆ ತೆಗೆಯಲಿಲ್ಲ. ದೂರದಿಂದ ಸುತ್ತು ಹಾಕಿ ಅವನ ಮುಖ ಕಾಣುವಲ್ಲಿ ಬಂದು ನಿಂತ. ಹೆಸರು ಕೇಳಿದ, ಊಟ ಆಯಿತೇ ಎಂದು ಕೇಳಿದ, ತಾಯಿ ಇದ್ದಾಳೇ ಎಂದು ಕೇಳಿದ. ಒಂದು ತಾಸಾದ ಮೇಲೆ ಅವನು ಮಚ್ಚು ಬಿಸಾಕಿ ಅಳತೊಡಗಿದ.

"ಒಂದು ತಾಸು ಯಾಕ ಮಾತಾಡಿದಿ?"

"ಪಿಸ್ತೂಲು ತಗದ್ರ ಸಾಯತಾನ ಅಂತ ಅಂಜಿಕಿ ಇತ್ತರಿ."

"ಹುಲಿಗೆಪ್ಪಗ ಎಷ್ಟು ಹೊತ್ತು ಕೊಟ್ಟಿ?"

"ಎರಡ ಕೂಗು," ಅಂದ ಮಾರ್ತಾಂಡಪ್ಪ. "ಸಾಯಂಗಿಲ್ಲ ಅಂತ ಗೊತ್ತಿತ್ತಲ್ರಿ."

ಹೊತ್ತು ಮುಳುಗಿತು. ಬೇಡ ಅಂತಲೇ ಬರೆಯುತ್ತೇನೆ, ಎರಡೂ ಸ್ಟನ್ ಗನ್ ನಾಳೆಯೇ ವಾಪಸು ಕಳಿಸುತ್ತೇನೆ ಎಂದು ಅವನು ಎದ್ದು ನಿಂತ. ಅಜ್ಜಾರು ಅವನ ಕೈ ಹಿಡಿದು ಕೂರಿಸಿದರು. ಕೊಡಲಿಯ ಕೆಳಗೆ ನಿಂತಿದ್ದ ಆ ಹೆಣ್ಣುಮಗಳಿಗೆ ಏನು ಹೇಳುತ್ತೀ ಎಂದು ಕೇಳಿದರು.

"ಬೇಕಂತರ ಬರಿ, ಬ್ಯಾಡಂತರ ಬರಿ, ತಮ್ಮಾ," ಅಂದರು ಅಜ್ಜಾರು. "ಯಂತ್ರ ಇಟ್ಟುಕೊಳ್ಳಾಕ ಸೊಂಟದಾಗ ಜಾಗ ಐತಿ. ಸಾಯತಾನ ಅನ್ನೋ ಆ ಅಂಜಿಕೀನ ಎಲ್ಲಿ ಇಟ್ಟುಕೊಳ್ಳತೀರಿ, ಅದನ್ನ ಮೊದಲ ಬರಿ."